ಸರ್ಕಾರಿ ಯೋಜನೆಯ ತಾತ್ಕಾಲಿಕ ಕೆಲಸ: ಆಮೇಲೇನು?

ಪದವಿ ಮುಗಿಸಿ ಮನೆಯಲ್ಲಿರುವ ಹುಡುಗನಿಗೋ ಹುಡುಗಿಗೋ ಸರ್ಕಾರದ ಯಾವುದೋ ಯೋಜನೆಯಲ್ಲಿ ಒಂದು ವರ್ಷದ ತಾತ್ಕಾಲಿಕ ಕೆಲಸ ಸಿಗುವಂತಿದೆ ಎಂದುಕೊಳ್ಳೋಣ. ಸಂಬಳ ಅಷ್ಟಕ್ಕಷ್ಟೆ. ವರ್ಷ ಕಳೆದ ಮೇಲೆ ಮುಂದುವರಿಸುವ ಭರವಸೆಯೂ ಇಲ್ಲ. ಆದರೂ ಹೆಚ್ಚಿನ ಮನೆಗಳಲ್ಲಿ ತೀರ್ಮಾನಕ್ಕೆ ತಡವಾಗುವುದಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು, ಸುಮ್ಮನೆ ಇರುವುದಕ್ಕಿಂತ ಏನಾದರೂ ಮಾಡುವುದು ಮೇಲು, ಅನುಭವವಾದರೂ ಆಗುತ್ತದೆ, ನಾಳೆ ಬೇರೆ ಕಡೆ ಅರ್ಜಿ ಹಾಕುವಾಗ ಬರೆದುಕೊಳ್ಳಬಹುದು ಎಂದು ಹಿರಿಯರ ಮಾತು ಸಾಗುತ್ತದೆ.

ಈ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಮೊದಲನೆಯದು, ಆ ಒಂದು ವರ್ಷ ಕೈಗೆ ಬರುವ ಹಣ. ಅದರಲ್ಲಿ ಅನುಮಾನವಿಲ್ಲ. ಎರಡನೆಯದು, ಈ ಕೆಲಸ ಮಾಡಿದ್ದರಿಂದ ಮುಂದೆ ಕಾಯಂ ಕೆಲಸ ಸಿಗುವುದು ಸುಲಭವಾಗುತ್ತದೆ ಎಂಬ ನಂಬಿಕೆ. ಈ ಎರಡನೆಯದನ್ನು ಯಾರೂ ಒರೆಗೆ ಹಚ್ಚಿ ನೋಡುವುದಿಲ್ಲ. ನಿರುದ್ಯೋಗಿಗಳಿಗೆಂದೇ ಸರ್ಕಾರಗಳು ಹುಟ್ಟುಹಾಕುವ ಕೆಲಸಗಳು ಅವರನ್ನು ಮುಂದಿನ ಕೆಲಸದ ಹತ್ತಿರಕ್ಕೆ ಒಯ್ಯುತ್ತವೆಯೇ, ಅಥವಾ ದೂರ ಮಾಡುತ್ತವೆಯೇ? ಸುಮಾರು ಅರ್ಧ ಶತಮಾನದಿಂದ ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಪರೀಕ್ಷಿಸುತ್ತ ಬಂದಿದ್ದಾರೆ. ಅವರಿಗೆ ಸಿಕ್ಕಿರುವ ಉತ್ತರ ಹಿರಿಯರು ಎಣಿಸಿದಷ್ಟು ಸರಳವಾಗಿಲ್ಲ.

ಲೆಕ್ಕ ತಪ್ಪುವುದೆಲ್ಲಿ?

ಇಂಥ ಯೋಜನೆಗಳ ವರದಿಗಳಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳು ಎದ್ದು ಕಾಣುತ್ತವೆ. ಎಷ್ಟು ಜನರಿಗೆ ಕೆಲಸ ಕೊಡಲಾಯಿತು ಎಂಬುದು ಒಂದು. ಅವರಲ್ಲಿ ಎಷ್ಟು ಮಂದಿ ಆಮೇಲೆ ಹೊರಗೆ ಕೆಲಸಕ್ಕೆ ಸೇರಿದರು ಎಂಬುದು ಇನ್ನೊಂದು. ಎರಡೂ ನಿಜವಾದ ಅಂಕಿಗಳೇ ಇರಬಹುದು. ಆದರೂ ಯೋಜನೆಯಿಂದ ಪ್ರಯೋಜನವಾಯಿತೇ ಎಂಬುದನ್ನು ಅವು ಹೇಳುವುದಿಲ್ಲ.

ಒಂದು ಯೋಜನೆಯಲ್ಲಿ ಕೆಲಸ ಮಾಡಿದ 100 ಮಂದಿಯಲ್ಲಿ 60 ಮಂದಿಗೆ ಎರಡು ವರ್ಷದೊಳಗೆ ಬೇರೆ ಕೆಲಸ ಸಿಕ್ಕಿತು ಎಂದು ಭಾವಿಸೋಣ. 60 ಒಳ್ಳೆಯ ಅಂಕಿಯಂತೆಯೇ ಕಾಣುತ್ತದೆ. ಆದರೆ ಅದೇ 100 ಮಂದಿ ಯೋಜನೆಗೆ ಸೇರದೆ ತಮ್ಮ ಪಾಡಿಗೆ ತಾವು ಕೆಲಸ ಹುಡುಕಿದ್ದರೆ ಎಷ್ಟು ಮಂದಿಗೆ ಸಿಗುತ್ತಿತ್ತು? 40 ಮಂದಿಗೆ ಎಂದಾದರೆ ಯೋಜನೆಯಿಂದ 20 ಮಂದಿಗೆ ಲಾಭ. 70 ಮಂದಿಗೆ ಎಂದಾದರೆ 10 ಮಂದಿಗೆ ನಷ್ಟ. ಒಂದೇ 60 ಒಮ್ಮೆ ಲಾಭವಾಗಿಯೂ ಇನ್ನೊಮ್ಮೆ ನಷ್ಟವಾಗಿಯೂ ಕಾಣುತ್ತದೆ. ಔಷಧಿ ತೆಗೆದುಕೊಂಡರೆ ನೆಗಡಿ ಏಳು ದಿನಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಒಂದು ವಾರ ಬೇಕು ಎಂಬ ಹಳೆಯ ತಮಾಷೆಯಲ್ಲಿರುವುದೂ ಇದೇ ಲೆಕ್ಕ. ಔಷಧಿ ಇಲ್ಲದೆ ಏನಾಗುತ್ತಿತ್ತು ಎಂದು ಗೊತ್ತಿಲ್ಲದೆ ಔಷಧಿಯ ಗುಣ ಗೊತ್ತಾಗುವುದಿಲ್ಲ.

ಹಾಗಾದರೆ ಯೋಜನೆಗೆ ಸೇರದ ಬೇರೆ ನಿರುದ್ಯೋಗಿಗಳೊಂದಿಗೆ ಹೋಲಿಸಿದರಾಯಿತಲ್ಲ ಎನ್ನಬಹುದು. ಅಲ್ಲಿಯೂ ತೊಡಕಿದೆ. ಎಲ್ಲರಿಗಿಂತ ಮೊದಲು ಅರ್ಜಿ ಹಾಕಿ ಸೇರುವವರು ಚುರುಕಾದವರೇ ಆಗಿದ್ದರೆ, ಅವರು ಯೋಜನೆ ಇಲ್ಲದಿದ್ದರೂ ಹೇಗೋ ಕೆಲಸ ಸಂಪಾದಿಸುತ್ತಿದ್ದರು. ಮೊದಲೇ ತೊಂಬತ್ತು ಅಂಕ ತೆಗೆಯುವ ಮಕ್ಕಳನ್ನು ಆರಿಸಿ ಟ್ಯೂಷನ್ನಿಗೆ ಸೇರಿಸಿಕೊಂಡು, ಅವರಿಗೆ ತೊಂಬತ್ತು ಬಂದಾಗ ಬೋರ್ಡು ಹಾಕಿಸಿದಂತೆ ಅದು. ಬದಲಿಗೆ ಅಧಿಕಾರಿಗಳು ಎಲ್ಲಿಯೂ ಕೆಲಸ ಸಿಗದವರನ್ನೇ ಹುಡುಕಿ ಸೇರಿಸಿದ್ದರೆ, ಯೋಜನೆ ನಿಜವಾಗಿ ನೆರವಾಗಿದ್ದರೂ ಹೋಲಿಕೆಯಲ್ಲಿ ಸೋತಂತೆ ಕಾಣುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ತೊಡಕನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಲಿ ಆಶೆನ್‌ಫೆಲ್ಟರ್ 1978ರಲ್ಲಿ ತೋರಿಸಿಕೊಟ್ಟರು. ಸರ್ಕಾರದ ತರಬೇತಿ ಯೋಜನೆಗಳಿಗೆ ಸೇರಿದವರ ಆದಾಯವನ್ನು ಅವರು ವರ್ಷವರ್ಷಕ್ಕೂ ನೋಡಿದಾಗ, ಸೇರುವುದಕ್ಕೆ ಸ್ವಲ್ಪ ಮುಂಚೆ ಆದಾಯ ಥಟ್ಟನೆ ಇಳಿದಿರುವುದು ಕಂಡಿತು. ಜನ ಇಂಥ ಯೋಜನೆಗಳತ್ತ ಬರುವುದೇ ಕಷ್ಟ ಬಂದ ವರ್ಷದಲ್ಲಿ ಎಂಬುದು ಇದರ ಅರ್ಥ. ಕೆಟ್ಟ ವರ್ಷದ ಮುಂದಿನ ವರ್ಷ ಅನೇಕರ ಸ್ಥಿತಿ ತಾನಾಗಿಯೇ ಸ್ವಲ್ಪ ಸುಧಾರಿಸುತ್ತದೆ. ಆ ಸುಧಾರಣೆಯನ್ನೂ ಯೋಜನೆಯ ಖಾತೆಗೆ ಜಮಾ ಮಾಡಿದರೆ ಲೆಕ್ಕ ಉಬ್ಬಿಹೋಗುತ್ತದೆ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ‘ಆಶೆನ್‌ಫೆಲ್ಟರ್ ಇಳಿತ’ ಎಂದೇ ಹೆಸರಾಗಿದೆ.

ಚೀಟಿ ಎತ್ತಿ ನೋಡಿದ ಪ್ರಯೋಗ

ಈ ತೊಡಕುಗಳನ್ನೆಲ್ಲ ಒಟ್ಟಿಗೆ ದಾಟುವ ದಾರಿಯೊಂದಿದೆ. ಅರ್ಜಿ ಹಾಕಿದವರಲ್ಲಿ ಯಾರಿಗೆ ಕೆಲಸ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು. ಆಗ ಎರಡೂ ಗುಂಪಿನಲ್ಲಿ ಚುರುಕಾದವರು, ಸೋಮಾರಿಗಳು, ಓದಿದವರು, ಓದದವರು ಹೆಚ್ಚು ಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸ ಯೋಜನೆಯದೇ ಎನ್ನಲು ಅಡ್ಡಿಯಿಲ್ಲ.

ಅಮೆರಿಕದಲ್ಲಿ 1975ರಲ್ಲಿ ಆರಂಭವಾದ ‘ನ್ಯಾಷನಲ್ ಸಪೋರ್ಟೆಡ್ ವರ್ಕ್’ ಎಂಬ ಪ್ರಯೋಗ ನಡೆದದ್ದು ಹೀಗೆ. ಬಹುಕಾಲದಿಂದ ಸರ್ಕಾರದ ನೆರವಿನಲ್ಲಿ ಬದುಕುತ್ತಿದ್ದ ತಾಯಂದಿರು, ಜೈಲಿನಿಂದ ಹೊರಬಂದವರು, ಮಾದಕ ವಸ್ತುವಿನ ಚಟ ಬಿಟ್ಟವರು, ಶಾಲೆ ಬಿಟ್ಟ ತರುಣರು, ಹೀಗೆ ಯಾರೂ ಕೆಲಸ ಕೊಡಲು ಮುಂದೆ ಬಾರದ ನಾಲ್ಕು ಗುಂಪುಗಳನ್ನು ಅದಕ್ಕೆ ಆರಿಸಿಕೊಳ್ಳಲಾಯಿತು. ಸೇರಿಸಿಕೊಂಡವರಿಗೆ ಸುಮಾರು 12ರಿಂದ 18 ತಿಂಗಳ ಕೆಲಸ. ಸಣ್ಣ ಸಣ್ಣ ತಂಡ, ಮೇಲೊಬ್ಬ ಮೇಲ್ವಿಚಾರಕ. ಮೊದಲು ಸಡಿಲವಾಗಿದ್ದ ಶಿಸ್ತನ್ನು ದಿನ ಕಳೆದಂತೆ ಬಿಗಿ ಮಾಡುತ್ತ ಹೋಗುವುದು ಕ್ರಮ. ಪ್ರಯೋಗಕ್ಕೆ ಒಳಪಟ್ಟವರು ಎರಡೂ ಗುಂಪು ಸೇರಿ 6,600ಕ್ಕೂ ಹೆಚ್ಚು.

ಫಲಿತಾಂಶ ಗುಂಪಿನಿಂದ ಗುಂಪಿಗೆ ಬೇರೆಯಾಗಿತ್ತು. ತಾಯಂದಿರಿಗೆ ಯೋಜನೆ ಮುಗಿದ ಮೇಲೂ ಲಾಭ ಉಳಿಯಿತು. ಶಾಲೆ ಬಿಟ್ಟ ತರುಣರಿಗೆ ಹೇಳಿಕೊಳ್ಳುವಂಥ ಶಾಶ್ವತ ಲಾಭವೇನೂ ಕಾಣಲಿಲ್ಲ. ಕೆಲಸವಿದ್ದಷ್ಟು ದಿನ ಅವರ ಸಂಪಾದನೆ ಹೆಚ್ಚಾಗಿತ್ತು, ಆಮೇಲೆ ಚೀಟಿಯಲ್ಲಿ ಹೆಸರು ಬಾರದ ತರುಣರಿಗೂ ಅವರಿಗೂ ಅಂತರ ಉಳಿಯಲಿಲ್ಲ.

ಈ ಪ್ರಯೋಗದಿಂದ ಇನ್ನೊಂದು ಪಾಠವೂ ದೊರೆಯಿತು. ರಾಬರ್ಟ್ ಲಲಾಂಡ್ ಎಂಬ ಅರ್ಥಶಾಸ್ತ್ರಜ್ಞ 1986ರಲ್ಲಿ ಅದೇ ಅಂಕಿ ಅಂಶಗಳನ್ನು ತೆಗೆದುಕೊಂಡು, ಚೀಟಿಯಲ್ಲಿ ಹೆಸರು ಬಾರದವರ ಬದಲು ದೇಶದ ಸಾಮಾನ್ಯ ಸಮೀಕ್ಷೆಗಳಲ್ಲಿದ್ದ ಜನರ ಜೊತೆ ಹೋಲಿಸಿ ನೋಡಿದರು. ಚೀಟಿಯ ಹೋಲಿಕೆಯಲ್ಲಿ ಗಂಡಸರ ವಾರ್ಷಿಕ ಆದಾಯ ಸುಮಾರು 900 ಡಾಲರಿನಷ್ಟು ಹೆಚ್ಚಿತ್ತು. ಬೇರೆ ಕೆಲವು ಹೋಲಿಕೆಗಳಲ್ಲಿ ಅದೇ ಯೋಜನೆ ಸಾವಿರಾರು ಡಾಲರ್ ನಷ್ಟ ತಂದಂತೆ ಕಂಡಿತು. ಜನ ಅವರೇ, ಕೆಲಸವೂ ಅದೇ. ಬದಲಾದದ್ದು ಪಕ್ಕದಲ್ಲಿ ನಿಲ್ಲಿಸಿದವರು ಮಾತ್ರ. ಯಾರೊಂದಿಗೆ ಹೋಲಿಸುತ್ತೇವೆ ಎಂಬುದರ ಮೇಲೆಯೇ ಉತ್ತರ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಜರ್ಮನಿಯ ದೊಡ್ಡ ಪರೀಕ್ಷೆ

ಪ್ರಯೋಗದ ಮಟ್ಟದಲ್ಲಲ್ಲದೆ ಇಡೀ ದೇಶದ ಮಟ್ಟದಲ್ಲಿ ಇಂಥ ಕೆಲಸಗಳನ್ನು ನಡೆಸಿ ನೋಡಿದ ದೇಶ ಜರ್ಮನಿ. ಎರಡು ಜರ್ಮನಿಗಳು 1990ರ ಅಕ್ಟೋಬರ್ 3ರಂದು ಒಂದಾದವು. ಪೂರ್ವದ ಕಾರ್ಖಾನೆಗಳು ಪಶ್ಚಿಮದ ಸರಕಿನ ಮುಂದೆ ನಿಲ್ಲಲಾರದೆ ಒಂದರ ಹಿಂದೆ ಒಂದು ಮುಚ್ಚಿದವು. ನಿರುದ್ಯೋಗವೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದ ನಾಡಿನಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಆಗ ಸರ್ಕಾರ ಪಶ್ಚಿಮದಲ್ಲಿ ಮೊದಲಿನಿಂದ ಇದ್ದ ಎಬಿಎಂ ಎಂಬ ಉದ್ಯೋಗ ಸೃಷ್ಟಿ ಕ್ರಮವನ್ನು ಪೂರ್ವದಲ್ಲಿ ಭಾರಿ ಪ್ರಮಾಣದಲ್ಲಿ ಹರಡಿತು. 1992ರ ಹೊತ್ತಿಗೆ ಪೂರ್ವದಲ್ಲಿ ಸುಮಾರು ನಾಲ್ಕು ಲಕ್ಷ ಜನ ಇಂಥ ಕೆಲಸಗಳಲ್ಲಿದ್ದರು. ಹಳೆಯ ಕಾರ್ಖಾನೆಗಳನ್ನು ಕೆಡವುವುದು, ಕೆಟ್ಟುಹೋದ ನೆಲವನ್ನು ಶುಚಿ ಮಾಡುವುದು, ಉದ್ಯಾನಗಳ ನಿರ್ವಹಣೆ, ಸಮಾಜ ಸೇವೆ ಮುಂತಾದವು ಅವರ ಪಾಲಿಗೆ ಬಂದ ಕೆಲಸಗಳು. ಅವಧಿ ಸಾಮಾನ್ಯವಾಗಿ ಒಂದು ವರ್ಷ.

ಕಾನೂನಿನಲ್ಲಿ ಎರಡು ಷರತ್ತುಗಳಿದ್ದವು. ಕೆಲಸ ಸಾರ್ವಜನಿಕ ಹಿತದ್ದಾಗಿರಬೇಕು. ಜೊತೆಗೆ ಅದು ‘ಹೆಚ್ಚುವರಿ’ ಕೆಲಸವಾಗಿರಬೇಕು, ಅಂದರೆ ಈ ಹಣ ಇಲ್ಲದಿದ್ದರೆ ಯಾರೂ ಮಾಡಿಸುತ್ತಿರಲಿಲ್ಲ ಎನ್ನುವಂಥದ್ದಾಗಿರಬೇಕು. ಖಾಸಗಿ ಕಂಪನಿಗಳ ಹೊಟ್ಟೆಯ ಮೇಲೆ ಹೊಡೆಯಬಾರದು, ಇದ್ದ ನೌಕರರನ್ನು ತೆಗೆದು ಅಗ್ಗದ ಆಳುಗಳನ್ನು ಹಾಕಿಕೊಳ್ಳಬಾರದು ಎಂಬುದು ಇದರ ಉದ್ದೇಶ. ಉದ್ದೇಶ ಸರಿಯಾದದ್ದೇ. ಅದರ ಇನ್ನೊಂದು ಮುಖ ಮಾತ್ರ ಆಮೇಲೆ ಬಯಲಾಯಿತು.

1998ರಿಂದ ಉದ್ಯೋಗ ಕಚೇರಿಗಳು ತಮ್ಮ ಯೋಜನೆಗಳ ಫಲವನ್ನು ವರ್ಷವರ್ಷವೂ ಪಟ್ಟಿ ಮಾಡಬೇಕೆಂಬ ನಿಯಮ ಬಂತು. ಯೋಜನೆ ಮುಗಿಸಿದ ಆರು ತಿಂಗಳಿಗೆ ಎಷ್ಟು ಮಂದಿಯ ಹೆಸರು ನಿರುದ್ಯೋಗಿಗಳ ಪಟ್ಟಿಯಲ್ಲಿಲ್ಲ ಎಂಬುದು ಅದರಲ್ಲಿದ್ದ ಒಂದು ಅಳತೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದಾಕ್ಷಣ ಕೆಲಸ ಸಿಕ್ಕಿದೆ ಎಂದೇನೂ ಅಲ್ಲ. ಬೇರೊಂದು ಯೋಜನೆಗೆ ಸೇರಿರಬಹುದು, ನಿವೃತ್ತರಾಗಿರಬಹುದು, ಬೇಸತ್ತು ಸುಮ್ಮನಾಗಿರಬಹುದು. ಅಲ್ಲದೆ ಸೇರದಿದ್ದವರ ಗತಿ ಏನಾಯಿತು ಎಂಬ ಹೋಲಿಕೆ ಅಲ್ಲಿಲ್ಲ.

ಆ ಹೋಲಿಕೆಯನ್ನು ಮಾಡಿದವರು ಮಾರ್ಕೊ ಕಾಲಿಯೆಂಡೊ, ರೈನ್‌ಹಾರ್ಡ್ ಹುಯರ್ ಮತ್ತು ಸ್ಟೆಫಾನ್ ಥಾಮ್ಸನ್. 2000ದ ಫೆಬ್ರುವರಿಯಲ್ಲಿ ಎಬಿಎಂ ಕೆಲಸಕ್ಕೆ ಸೇರಿದವರನ್ನು ಅವರು ಆರಿಸಿಕೊಂಡರು. ವಯಸ್ಸು, ಓದು, ಕಸುಬು, ಎಷ್ಟು ಕಾಲದಿಂದ ನಿರುದ್ಯೋಗಿ ಎಂಬುದರಲ್ಲೆಲ್ಲ ಅವರನ್ನೇ ಹೋಲುವ, ಆದರೆ ಆ ತಿಂಗಳು ಯೋಜನೆಗೆ ಸೇರದ ಜನರನ್ನು ಕಚೇರಿಯ ದಾಖಲೆಗಳಿಂದ ಹುಡುಕಿ ಜೋಡಿ ಮಾಡಿದರು. ಎರಡೂ ಗುಂಪುಗಳನ್ನು 2002ರ ಡಿಸೆಂಬರ್‌ವರೆಗೆ, ಸುಮಾರು ಮೂರು ವರ್ಷ, ಬೆನ್ನು ಹತ್ತಿ ನೋಡಿದರು.

ಮೊದಲ ತಿಂಗಳುಗಳಲ್ಲಿ ಯೋಜನೆಯಲ್ಲಿದ್ದವರು ತೀರ ಹಿಂದೆ ಬಿದ್ದರು. ಸೇರದವರು ಅಲ್ಲಿ ಇಲ್ಲಿ ವಿಚಾರಿಸಿ ಒಬ್ಬೊಬ್ಬರಾಗಿ ಮಾಮೂಲು ಕೆಲಸಗಳಿಗೆ ಹೋಗುತ್ತಿದ್ದಾಗ, ಇವರು ಯೋಜನೆಯ ಕೆಲಸದಲ್ಲಿ ಮುಳುಗಿದ್ದರು. ಅರ್ಥಶಾಸ್ತ್ರಜ್ಞರು ಇದನ್ನು ಕಟ್ಟಿಹಾಕುವ ಪರಿಣಾಮ ಎನ್ನುತ್ತಾರೆ. ಕೆಲಸ ಹುಡುಕುವುದೂ ಒಂದು ಕೆಲಸವೇ. ಅದಕ್ಕೆ ಸಮಯ ಬೇಕು, ಓಡಾಟ ಬೇಕು. ಯೋಜನೆ ಮುಗಿದ ಮೇಲೆ ಅಂತರ ಕಡಿಮೆಯಾಯಿತು ನಿಜ. ಆದರೆ ಮೂರು ವರ್ಷ ತುಂಬುತ್ತ ಬಂದರೂ ಒಟ್ಟಾರೆಯಾಗಿ ಇವರು ಅವರನ್ನು ಮೀರಿ ಮುಂದೆ ಹೋಗಲಿಲ್ಲ. ಪಶ್ಚಿಮದ ದೀರ್ಘಕಾಲದ ನಿರುದ್ಯೋಗಿಗಳಂಥ ಕೆಲವು ಗುಂಪುಗಳಿಗೆ ಮಾತ್ರ ಲಾಭ ಕಂಡಿತು. ಅವರಿಗೆ ಹೊರಗೆ ಬಾಗಿಲುಗಳು ಮೊದಲೇ ಮುಚ್ಚಿದ್ದರಿಂದ ಕಟ್ಟಿಹಾಕಿದ್ದರಿಂದ ಆದ ನಷ್ಟವೂ ಕಡಿಮೆ.

ಇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ‘ಹೆಚ್ಚುವರಿ’ ಎಂಬ ಷರತ್ತಿನಿಂದಾಗಿ ಕೆಲಸಗಳು ಮಾರುಕಟ್ಟೆಯಿಂದ ದೂರವೇ ಇರಬೇಕಾಯಿತು. ಯಾವ ಕಂಪನಿಗೂ ಬೇಡವಾದ ಕೆಲಸದಲ್ಲಿ ಪಡೆದ ಅನುಭವ ಯಾವ ಕಂಪನಿಗೂ ಅಷ್ಟಾಗಿ ಬೇಕಾಗಲಿಲ್ಲ. ಇನ್ನೊಂದು, ಒಂದು ವರ್ಷ ಎಬಿಎಂ ಕೆಲಸ ಮಾಡಿದವರಿಗೆ ನಿರುದ್ಯೋಗ ಭತ್ಯೆ ಪಡೆಯುವ ಹಕ್ಕು ಮತ್ತೆ ಹೊಸದಾಗಿ ಹುಟ್ಟುತ್ತಿತ್ತು. ಹೀಗಾಗಿ ಭತ್ಯೆ, ಯೋಜನೆ, ಮತ್ತೆ ಭತ್ಯೆ ಎಂದು ಗಾಣದೆತ್ತಿನಂತೆ ಸುತ್ತುವವರೂ ಇದ್ದರು. ಆ ಸೌಲಭ್ಯವನ್ನು 2004ರಲ್ಲಿ ನಿಲ್ಲಿಸಲಾಯಿತು. ಎಬಿಎಂ ಕ್ರಮವನ್ನೇ 2012ರಲ್ಲಿ ರದ್ದು ಮಾಡಲಾಯಿತು.

ಜರ್ಮನಿಯದು ಒಂಟಿ ಉದಾಹರಣೆಯಲ್ಲ. 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಡೇವಿಡ್ ಕಾರ್ಡ್, ತಮ್ಮ ಸಂಗಡಿಗರಾದ ಯೋಖೆನ್ ಕ್ಲೂವೆ ಮತ್ತು ಆಂಡ್ರಿಯಾ ವೆಬರ್ ಜೊತೆ ಸೇರಿ ಹಲವು ದೇಶಗಳ 207 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದರು. ಕೆಲಸ ಹುಡುಕಲು ನೆರವಾಗುವ ಯೋಜನೆಗಳ ಫಲ ಬೇಗ ಕಾಣುತ್ತದೆ. ತರಬೇತಿಯ ಫಲ ಮೊದಲ ವರ್ಷ ಕಾಣದೆ, ಎರಡು ಮೂರು ವರ್ಷಕ್ಕೆ ಕೈಗೂಡುತ್ತದೆ. ಸರ್ಕಾರ ತಾನೇ ಸೃಷ್ಟಿಸಿ ಕೊಡುವ ತಾತ್ಕಾಲಿಕ ಕೆಲಸಗಳ ಫಲ ಮಾತ್ರ, ಮುಂದಿನ ಉದ್ಯೋಗದ ಮಟ್ಟಿಗೆ, ಅತ್ಯಲ್ಪ ಅಥವಾ ಸೊನ್ನೆ, ಕೆಲವೆಡೆ ಸೊನ್ನೆಗಿಂತ ಕೆಳಗೆ. 2018ರಲ್ಲಿ ಪ್ರಕಟವಾದ ಅವರ ಲೇಖನದ ತಿರುಳು ಇಷ್ಟು.

ಸಂಬಳಕ್ಕೆ ಸಿಗದ ಫಲ

ಹಾಗೆಂದು ಇಂಥ ಕೆಲಸಗಳೆಲ್ಲ ವ್ಯರ್ಥ ಎಂದು ತೀರ್ಮಾನಿಸುವುದು ಆತುರವಾದೀತು. ವಿದ್ಯಾರ್ಥಿಗಳ ವಯಸ್ಸಿನವರ ಬಗೆಗಿನ ಅಧ್ಯಯನಗಳು ಇನ್ನೊಂದು ಮುಖವನ್ನು ತೋರಿಸಿವೆ.

ನ್ಯೂಯಾರ್ಕ್ ನಗರದಲ್ಲಿ ಶಾಲಾ ಕಾಲೇಜು ವಯಸ್ಸಿನವರಿಗೆ ಬೇಸಿಗೆ ರಜೆಯಲ್ಲಿ ಕೆಲವು ವಾರ ಸಂಬಳದ ಕೆಲಸ ಕೊಡುವ ನಗರಾಡಳಿತದ ಯೋಜನೆಯೊಂದಿದೆ. ಅರ್ಜಿಗಳು ಜಾಗಕ್ಕಿಂತ ಹೆಚ್ಚು ಬರುವುದರಿಂದ ಚೀಟಿ ಎತ್ತುತ್ತಾರೆ. 2005ರಿಂದ 2008ರವರೆಗೆ ಅರ್ಜಿ ಹಾಕಿದ ಸುಮಾರು ಮೂರು ಲಕ್ಷ ಮಂದಿಯ ಮುಂದಿನ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದರು. ಬೇಸಿಗೆ ಕೆಲಸ ಸಿಕ್ಕವರ ಸಂಪಾದನೆ ಆ ವರ್ಷ ಹೆಚ್ಚಿತು. ಮುಂದಿನ ಮೂರು ವರ್ಷಗಳಲ್ಲಿ ಹೆಚ್ಚಲಿಲ್ಲ, ಬದಲಿಗೆ ತುಸು ಕಡಿಮೆಯೇ ಇತ್ತು. ಕಾಲೇಜಿಗೆ ಸೇರುವುದರಲ್ಲೂ ವ್ಯತ್ಯಾಸವಾಗಲಿಲ್ಲ. ಆದರೆ ಜೈಲು ಸೇರಿದವರ ಪ್ರಮಾಣ ಕೆಲಸ ಸಿಕ್ಕವರಲ್ಲಿ ಕಡಿಮೆಯಾಗಿತ್ತು. ಅಕಾಲದಲ್ಲಿ ಸತ್ತವರ ಪ್ರಮಾಣ ಐದನೇ ಒಂದರಷ್ಟು ಕಡಿಮೆಯಾಗಿತ್ತು. ಷಿಕಾಗೊ ನಗರದಲ್ಲಿ ಹಿಂಸೆ ಹೆಚ್ಚಿರುವ ಬಡಾವಣೆಗಳ 13 ಶಾಲೆಗಳ 1,634 ವಿದ್ಯಾರ್ಥಿಗಳ ಮೇಲೆ ನಡೆದ ಇಂಥದೇ ಪ್ರಯೋಗದಲ್ಲಿ, ಎಂಟು ವಾರದ ಕೆಲಸ ಸಿಕ್ಕವರು ಮುಂದಿನ 16 ತಿಂಗಳಲ್ಲಿ ಹಿಂಸೆಯ ಅಪರಾಧಗಳಿಗಾಗಿ ಬಂಧನಕ್ಕೊಳಗಾಗುವುದು 43 ಶೇಕಡದಷ್ಟು ಇಳಿಯಿತು ಎಂದು ಸಾರಾ ಹೆಲ್ಲರ್ 2014ರಲ್ಲಿ ವರದಿ ಮಾಡಿದರು. ಸಂಬಳದ ಚೀಟಿ ಒಂದನ್ನೇ ನೋಡಿದ್ದರೆ ಈ ಯೋಜನೆಗಳನ್ನು ಸೋತವೆಂದು ಬದಿಗಿಡಬೇಕಿತ್ತು. ಮಗ ಬದುಕಿ ಉಳಿಯುವುದು ಯಾವ ತಾಯಿಗೂ ಸಣ್ಣ ಫಲವಲ್ಲ.

ಕಾಲದ ಅವಧಿಯೂ ಮುಖ್ಯ. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1933ರಿಂದ 1942ರವರೆಗೆ, ಅಮೆರಿಕ ಸರ್ಕಾರ ಬಡ ಮನೆಗಳ ಅವಿವಾಹಿತ ತರುಣರನ್ನು ಶಿಬಿರಗಳಿಗೆ ಕಳಿಸಿ ಗಿಡ ನೆಡಿಸಿತು, ಕಾಡಿನ ದಾರಿ ಮಾಡಿಸಿತು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ. ಕೊಲೊರಾಡೊ ಮತ್ತು ನ್ಯೂಮೆಕ್ಸಿಕೊ ರಾಜ್ಯಗಳ ಹಳೆಯ ದಾಖಲೆಗಳನ್ನು ಹಿಡಿದು ಸಂಶೋಧಕರು ಆ ತರುಣರ ಇಡೀ ಜೀವನವನ್ನು ಹಿಂಬಾಲಿಸಿದ್ದಾರೆ. ಶಿಬಿರದಿಂದ ಬಂದ ಕೆಲವು ವರ್ಷಗಳಲ್ಲಿ ಅವರ ಉದ್ಯೋಗದಲ್ಲಿ ವಿಶೇಷವೇನೂ ಕಾಣಲಿಲ್ಲ. ಆದರೆ ಶಿಬಿರದಲ್ಲಿ ಹೆಚ್ಚು ಕಾಲ ಇದ್ದವರು ಎತ್ತರವಾಗಿ ಬೆಳೆದರು, ಹೆಚ್ಚು ವರ್ಷ ಬದುಕಿದರು, ಜೀವಮಾನದ ಒಟ್ಟು ಗಳಿಕೆಯಲ್ಲೂ ಮುಂದಿದ್ದರು. ಹೊಟ್ಟೆ ತುಂಬ ಊಟ, ದಿನಕ್ಕೊಂದು ಕ್ರಮ, ಮನೆಗೆ ಹೋಗುವ ಹಣ ಇವುಗಳ ಫಲ ಎರಡು ವರ್ಷದ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಭಾರತದ ಅಳತೆಗೋಲು

ಭಾರತದಲ್ಲಿ ಸರ್ಕಾರಿ ಕೆಲಸ ಸೃಷ್ಟಿ ಎಂದೊಡನೆ ನೆನಪಾಗುವುದು ಬರಗಾಲದ ಕಾಮಗಾರಿ. 1970ರ ದಶಕದ ಆರಂಭದ ಬರದ ಹಿನ್ನೆಲೆಯಲ್ಲಿ ಮಹಾರಾಷ್ಟ್ರ ಉದ್ಯೋಗ ಖಾತರಿಯನ್ನು ಜಾರಿಗೆ ತಂದಿತು. 2005ರಲ್ಲಿ ಸಂಸತ್ತು ಅಂಗೀಕರಿಸಿದ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಹಳ್ಳಿಯ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿ ಕೆಲಸದ ಹಕ್ಕು ನೀಡಿತು. 2006ರ ಫೆಬ್ರುವರಿಯಲ್ಲಿ ಮೊದಲ ಕಂತಿನ 200 ಜಿಲ್ಲೆಗಳಲ್ಲಿ ಅದು ಆರಂಭವಾದಾಗ ಕರ್ನಾಟಕದ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳು ಅದರಲ್ಲಿದ್ದವು. 2008ರ ಹೊತ್ತಿಗೆ ಅದು ಗ್ರಾಮೀಣ ಭಾರತಕ್ಕೆಲ್ಲ ಹರಡಿತು.

ಇದರ ಗುರಿ ಬೇರೆ. ಕೆರೆ ಹೂಳೆತ್ತಿದವರಿಗೆ ಮುಂದೆ ಆಫೀಸಿನಲ್ಲಿ ಕೆಲಸ ಸಿಗಲಿ ಎಂದು ಯಾರೂ ಈ ಕಾಯ್ದೆ ಮಾಡಲಿಲ್ಲ. ಬೇಸಿಗೆಯಲ್ಲಿ ಒಲೆ ಉರಿಯಲಿ, ಗುಳೆ ಹೋಗುವುದು ತಪ್ಪಲಿ ಎಂಬುದು ಉದ್ದೇಶ. ಆದ್ದರಿಂದ ಜರ್ಮನಿಯ ಅಳತೆಗೋಲಿನಿಂದ ಇದನ್ನು ಅಳೆಯುವುದು ನ್ಯಾಯವಲ್ಲ. ಆದರೆ ಹೋಲಿಕೆಯ ಪ್ರಶ್ನೆ ಇಲ್ಲಿಯೂ ಬಿಡುವುದಿಲ್ಲ. ಯೋಜನೆ ಕಂತು ಕಂತಾಗಿ ಬಂದದ್ದರಿಂದ, ಮೊದಲು ಬಂದ ಜಿಲ್ಲೆಗಳನ್ನು ತಡವಾಗಿ ಬಂದ ಜಿಲ್ಲೆಗಳ ಪಕ್ಕದಲ್ಲಿಟ್ಟು ನೋಡುವ ಅವಕಾಶ ಸಂಶೋಧಕರಿಗೆ ಸಿಕ್ಕಿತು. ಕ್ಲೆಮಾಂ ಆಂಬೆರ್ ಮತ್ತು ಜಾನ್ ಪ್ಯಾಪ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಲಗೆಲಸ ಕಡಿಮೆಯಿರುವ ತಿಂಗಳುಗಳಲ್ಲಿ ಖಾಸಗಿ ಕೂಲಿಯ ದರವೂ ಏರಿತು. ಯೋಜನೆಯ ಕೆಲಸಕ್ಕೆ ಹೋಗದ ಕೂಲಿಕಾರರಿಗೂ ಅದರಿಂದ ಲಾಭವಾಯಿತು ಎಂದಾಯಿತು.

ವಿದ್ಯಾರ್ಥಿಗಳಿಗೆ ನೇರವಾಗಿ ತಟ್ಟುವ ಎರಡು ಫಲಿತಾಂಶಗಳೂ ಇವೆ. ಆಂಧ್ರ ಪ್ರದೇಶದ ಅಂಕಿ ಅಂಶಗಳನ್ನು ಪರಿಶೀಲಿಸಿದ ಫರ್ಜಾನಾ ಅಫ್ರಿದಿ ಮತ್ತು ಸಂಗಡಿಗರಿಗೆ, ತಾಯಂದಿರು ಈ ಕೆಲಸಕ್ಕೆ ಹೋಗಿ ಕೂಲಿ ಕೈಗೆ ಬಂದ ಮನೆಗಳಲ್ಲಿ ಮಕ್ಕಳು ಶಾಲೆಯಲ್ಲಿ ಕಳೆಯುವ ಸಮಯ ಹೆಚ್ಚಿದ್ದು ಕಂಡಿತು. ಮನಿಷಾ ಶಾ ಮತ್ತು ಬ್ರೈಸ್ ಸ್ಟೈನ್‌ಬರ್ಗ್ ದೇಶದ ಹಲವು ಜಿಲ್ಲೆಗಳನ್ನು ನೋಡಿದಾಗ, ಹದಿಮೂರು ದಾಟಿದ ಮಕ್ಕಳಲ್ಲಿ ಶಾಲೆಯಲ್ಲಿ ಉಳಿದವರ ಪ್ರಮಾಣ ಸ್ವಲ್ಪ ತಗ್ಗಿದ್ದು ಕಂಡಿತು. ಕೂಲಿ ಏರಿದಾಗ ಹುಡುಗರು ಹೊರಗಿನ ದುಡಿಮೆಗೆ ಹೊರಳಿದರು, ತಾಯಿ ಕೆಲಸಕ್ಕೆ ಹೋದ ಮನೆಯಲ್ಲಿ ಹುಡುಗಿಯರ ಹೆಗಲಿಗೆ ಮನೆಗೆಲಸ ಬಿತ್ತು. ಎರಡೂ ನಿಜವಿರಬಹುದು. ಮನೆಗೆ ಬಂದ ಹಣ ಚಿಕ್ಕ ಮಕ್ಕಳನ್ನು ಶಾಲೆಗೆ ಕಳಿಸುತ್ತದೆ, ದೊಡ್ಡ ಮಕ್ಕಳನ್ನು ಶಾಲೆಯಿಂದ ಸೆಳೆಯಲೂಬಹುದು. ಎಸ್ಸೆಸ್ಸೆಲ್ಸಿ ಹತ್ತಿರವಿರುವ ಮಗಳು ಯಾರ ಬದಲಿಗೆ ಮನೆಯಲ್ಲಿ ಉಳಿದಿದ್ದಾಳೆ ಎಂಬುದನ್ನು ಅಂಥ ಮನೆಗಳ ಹಿರಿಯರು ಯೋಚಿಸಬೇಕು.

ಸೇರುವ ಮುನ್ನ ಕೇಳಬೇಕಾದದ್ದು

ಈ ಅಧ್ಯಯನಗಳೆಲ್ಲ ಗುಂಪಿನ ಸರಾಸರಿಯನ್ನು ಹೇಳುತ್ತವೆ. ಒಬ್ಬ ಹುಡುಗ ಅಥವಾ ಹುಡುಗಿಯ ವಿಷಯದಲ್ಲಿ ತೀರ್ಮಾನ ಮಾಡಬೇಕಾದವರು ಮನೆಯವರೇ. ಆದರೂ ಅಧ್ಯಯನಗಳಿಂದ ಕೆಲವು ಪ್ರಶ್ನೆಗಳನ್ನು ಎರವಲು ಪಡೆಯಬಹುದು.

ಆ ಕೆಲಸದಲ್ಲಿ ಕಲಿಯುವುದು ಏನು, ಅದು ಹೊರಗೆ ಯಾರಿಗೆ ಬೇಕು ಎಂಬುದು ಮೊದಲ ಪ್ರಶ್ನೆ. ಲೆಕ್ಕಪತ್ರ ಬರೆಯುವುದು, ಕಂಪ್ಯೂಟರಿನಲ್ಲಿ ದಾಖಲೆ ಸಿದ್ಧಪಡಿಸುವುದು, ಯಂತ್ರ ರಿಪೇರಿ, ಜನರಿಗೆ ಪಾಠ ಹೇಳುವುದು ಇವನ್ನು ಬೇರೆ ಕಡೆಯೂ ಕೇಳುತ್ತಾರೆ. ವರ್ಷವಿಡೀ ಫೈಲು ಹೊತ್ತು ತಿರುಗಿದ ಅನುಭವವನ್ನು ಯಾರೂ ಕೇಳುವುದಿಲ್ಲ.

ಎರಡನೆಯದು, ಸಮಯ. ಕೆಲಸ ಹುಡುಕಲು, ಸಂದರ್ಶನಕ್ಕೆ ಹೋಗಲು, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ದಿನದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ? ಸರ್ಕಾರಿ ನೇಮಕಾತಿಗೆ ವಯೋಮಿತಿ ಇರುವ ದೇಶದಲ್ಲಿ ಕಟ್ಟಿಹಾಕುವ ಪರಿಣಾಮಕ್ಕೆ ತೆರಬೇಕಾದ ಬೆಲೆ ಇನ್ನೂ ಹೆಚ್ಚು. ಒಂದು ವರ್ಷ ಎರಡಾಗಿ, ಎರಡು ನಾಲ್ಕಾಗಿ, ಇಂದಲ್ಲ ನಾಳೆ ಕಾಯಂ ಮಾಡುತ್ತಾರೆ ಎಂದು ಕಾದವರ ಕೈಯಿಂದ ಅರ್ಜಿಯ ವಯಸ್ಸೇ ಜಾರಿಹೋಗುತ್ತದೆ.

ಮೂರನೆಯದು, ಹಿಂದಿನ ತಂಡದವರ ಕತೆ. ಹೋದ ವರ್ಷ ಸೇರಿದ್ದವರಲ್ಲಿ ಮುಂದೆ ಬಂದ ಇಬ್ಬರನ್ನು ಮಾತ್ರ ನೋಡಿದರೆ ಸಾಲದು. ಒಟ್ಟು ಎಷ್ಟು ಮಂದಿ ಇದ್ದರು, ಉಳಿದವರು ಎಲ್ಲಿದ್ದಾರೆ, ಅದೇ ವರ್ಷ ಅದೇ ಅಂಕ ಪಡೆದು ಸೇರದೆ ಇದ್ದವರು ಎಲ್ಲಿದ್ದಾರೆ ಎಂದು ವಿಚಾರಿಸಬೇಕು. ಸಾಧಕರ ಫೋಟೋ ಹಾಕಿ ಜಾಹೀರಾತು ಕೊಡುವ ಕೋಚಿಂಗ್ ಸೆಂಟರುಗಳಿಗೂ ಇದೇ ಪ್ರಶ್ನೆ ಕೇಳಬಹುದು. ಫೋಟೋ ಹತ್ತಿದ್ದರೆ, ಫೀಸು ಕಟ್ಟಿದವರು ಎಷ್ಟು?

ನಾಲ್ಕನೆಯದು, ಸೇರದಿದ್ದರೆ ಆ ವರ್ಷ ಏನಾಗುತ್ತದೆ? ತರಬೇತಿ, ಅಪ್ರೆಂಟಿಸ್ ಜಾಗ, ಗಂಭೀರವಾದ ಓದು ಇಂಥದೇನಾದರೂ ಕೈಯಲ್ಲಿದ್ದರೆ ಸಣ್ಣ ಸಂಬಳಕ್ಕಾಗಿ ಅದನ್ನು ಬಿಡುವ ಮುನ್ನ ಎರಡು ಸಲ ಯೋಚಿಸಬೇಕು. ಏನೂ ಇಲ್ಲದೆ ದಿನಗಳು ಹಾಗೆಯೇ ಸರಿಯುತ್ತಿದ್ದರೆ, ಹುಡುಗ ಮೂರು ವರ್ಷದಿಂದ ಎಲ್ಲಿಯೂ ನಿಲ್ಲದೆ ಸೋತು ಕೂತಿದ್ದರೆ, ಅಂಥವರಿಗೇ ಈ ಕೆಲಸಗಳಿಂದ ಹೆಚ್ಚು ಪ್ರಯೋಜನ ಎಂದು ಜರ್ಮನಿಯ ಪಶ್ಚಿಮ ಭಾಗದ ಅನುಭವ ಹೇಳುತ್ತದೆ. ಆ ಸಂಬಳವಿಲ್ಲದೆ ಮನೆಯ ಪಡಿತರ ಬರುವುದಿಲ್ಲ ಎಂದಾದರೆ ಮಾತು ಬೇರೆಯೇ. ಅಲ್ಲಿ ಹಣವೇ ಕಾರಣ, ಅದರಲ್ಲಿ ಸಂಕೋಚವೇನೂ ಬೇಕಿಲ್ಲ. ಅನುಭವ ಆಗುತ್ತದೆ ಎಂಬ ಬೇರೊಂದು ಕಾರಣವನ್ನು ಅದಕ್ಕೆ ಹೊದಿಸಬೇಕಾಗಿಲ್ಲ.

ಸುಮ್ಮನೆ ಇರುವುದಕ್ಕಿಂತ ಮೇಲು ಎಂಬ ಮಾತು ನಿಜವಾಗುವುದು ಹುಡುಗ ನಿಜಕ್ಕೂ ಸುಮ್ಮನೆ ಇದ್ದಾಗ ಮಾತ್ರ. ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ ಸಂಜೆಯವರೆಗೆ ಓದುವವಳು, ವಾರಕ್ಕೆರಡು ಕಡೆ ಅರ್ಜಿ ಹಾಕುವವನು ಸುಮ್ಮನೆ ಇಲ್ಲ. ನೆರೆಹೊರೆಯವರ ಕಣ್ಣಿಗೆ ಹಾಗೆ ಕಂಡರೂ, ಮನೆಯವರ ಕಣ್ಣಿಗೆ ಹಾಗೆ ಕಾಣಬಾರದು.